ತಲಪಾಡಿಗೆ ಯಾವ ಬಣ್ಣ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಮಗಳು ಕಂಪ್ಯೂಟರಿನಲ್ಲಿ ಅಮೆರಿಕದ ಒಂದು ನಕ್ಷೆ ತೋರಿಸಿದಳು. ನಾರ್ತ್‌ಈಸ್ಟರ್ನ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದವರು 2010ರಲ್ಲಿ ಮಾಡಿದ್ದಂತೆ. ಸುಮಾರು 30 ಕೋಟಿ ಟ್ವೀಟ್ ಜಾಲಾಡಿ, ಯಾವ ಕಡೆಯವರು ಯಾವ ಹೊತ್ತಿಗೆ ಖುಷಿಯಲ್ಲಿರುತ್ತಾರೆ ಅಂತ ಬಣ್ಣ ಬಳಿದಿದ್ದಾರೆ. ಖುಷಿಗೆ ಹಸಿರು, ಬೇಸರಕ್ಕೆ ಕೆಂಪು. ನೋಡಲಿಕ್ಕೆ ಚಂದವೇ, ಸುಳ್ಳು ಹೇಳಬಾರದು.

"ನಮ್ಮ ಕಾಸರಗೋಡಿಗೂ ಇಂಥದ್ದು ಮಾಡಿದರೆ ಹೇಗೆ?" ಅಂದಳು. ಯೋಚಿಸಿದಷ್ಟೂ ತೊಡಕು ಜಾಸ್ತಿ. ಆ ನಕ್ಷೆ ನಿಂತಿರುವುದು ಇಂಗ್ಲಿಷ್ ಪದಗಳ ಪಟ್ಟಿಯ ಮೇಲೆ, ಒಂದೊಂದು ಪದಕ್ಕೂ ಇಷ್ಟಿಷ್ಟು ಖುಷಿ ಅಂತ ಅಂಕ. ನಮ್ಮಲ್ಲೋ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಕಾಗದ ಬರೆಯುವಾಗ ಕನ್ನಡ, ವಾಟ್ಸಾಪಿನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕಲಸುಮೇಲೋಗರ. 'ಬೇಜಾರು' ಒಂದನ್ನೇ ನೋಡಿ. ಬಸ್ಸು ತಪ್ಪಿದರೂ ಬೇಜಾರು, ನೆಂಟರು ಮದುವೆಗೆ ಕರೆಯದಿದ್ದರೂ ಬೇಜಾರು, ಸಾವಿನ ಮನೆಯಲ್ಲೂ ಅದೇ ಬೇಜಾರು. ಯಂತ್ರ ಎಷ್ಟು ಅಂಕ ಕೊಡಬೇಕು? ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಅಂತಲೇ ಒಂದು ಊರಿದೆ. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದದ್ದು ಆ ಕಡೆಯೇ. ಪದ ಎಣಿಸುವ ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತು, ಊರಿನ ಹೆಸರು ಕಂಡ ಕೂಡಲೇ ಹಚ್ಚಹಸಿರು ಬಳಿದೀತು.

ಇದಕ್ಕಿಂತ ಕ್ರಿಶ್ಚಿಯನ್ ನೋಲ್ಡ್ ಎಂಬ ಕಲಾವಿದ 2005-06ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಮಾಡಿದ್ದು ನನಗೆ ಹಿಡಿಸಿತು. ಜನರ ಬೆರಳಿಗೆ ಸೆನ್ಸರ್ ಕಟ್ಟಿ ಅವರದೇ ಊರಿನಲ್ಲಿ ನಡೆದಾಡಲು ಬಿಟ್ಟ. ಚರ್ಮ ಎಲ್ಲಿ ಬೆವರಿತು ಅನ್ನುವುದು ಜಿಪಿಎಸ್ ಜೊತೆ ದಾಖಲಾಗುತ್ತಿತ್ತು. ಆದರೆ ಬೆವರು ನೋಡಿ ಅದು ಹೆದರಿಕೆಯೋ ಸಂತೋಷವೋ ಹೇಳಲಿಕ್ಕಾಗುವುದಿಲ್ಲ ಅಲ್ವಾ? ಅದಕ್ಕೆ ನಡೆದು ಬಂದವರನ್ನೇ ಕೂರಿಸಿಕೊಂಡು, ಇಲ್ಲೇನಾಯಿತು ಅಂತ ಅವರ ಮಾತಿನಲ್ಲೇ ಬರೆಸಿ ನಕ್ಷೆಗೆ ಸೇರಿಸಿದ.

ನಮಗೂ ಬೇಕಾದ್ದು ಅದೇ. ನನ್ನ ಅಮ್ಮನಿಗೆ ಮಂಗಳೂರು ತವರು. ಮೊದಲೆಲ್ಲ ಕೇರಳ-ಕರ್ನಾಟಕ ಗಡಿಯ ತಲಪಾಡಿ ಹತ್ತಿರ ಬಂತು ಅಂದರೆ ಅವರ ಮುಖ ಅರಳುತ್ತಿತ್ತು, ಚೀಲದಿಂದ ಬಾಚಣಿಗೆ ಹೊರಗೆ ಬರುತ್ತಿತ್ತು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ಮುಚ್ಚಿ, ರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸುಗಳನ್ನೂ ತಡೆದರಲ್ಲ, ಆಮೇಲೆ ಅಲ್ಲಿಗೆ ಬಂದಾಗ ಅಮ್ಮ ಸುಮ್ನೆ ಕಿಟಕಿ ಹೊರಗೆ ನೋಡುತ್ತಾರೆ, ಬಾಚಣಿಗೆ ಮಾತ್ರ ಈಗಲೂ ಕೈಯಲ್ಲಿರುತ್ತದೆ.

ನಿಮ್ಮ ವೆಬ್‌ಸೈಟಿನಲ್ಲಿ ತಲಪಾಡಿಯಿಂದ ಚಂದ್ರಗಿರಿ ಹೊಳೆವರೆಗಿನ ನಕ್ಷೆಯೊಂದನ್ನು ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲದ ನಕ್ಷೆ ಪುಕ್ಕಟೆ ಸಿಗುತ್ತದೆ. ಓದುಗರು ಒಂದು ಜಾಗ ಒತ್ತಿ ನಾಲ್ಕು ಸಾಲು ಬರೆಯಲಿ, ಯಾವ ಭಾಷೆಯಾದರೂ ಸರಿ. ಹೆಸರು ಬೇಡ, ಮನೆ ಗುರುತಾಗುವಷ್ಟು ಹತ್ತಿರದ ಗುರುತೂ ಬೇಡ, ನಮ್ಮದು ಸಣ್ಣ ಊರು, ಬರೆದದ್ದು ಯಾರು ಅಂತ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಅಮ್ಮನಂಥವರಿಗೆ ಇದೆಲ್ಲ ಒತ್ತಲಿಕ್ಕೆ ಬರುವುದಿಲ್ಲ, ಅವರು ಕಾಗದ ಬರೆದರೆ ನಿಮ್ಮವರೇ ಸೇರಿಸಬೇಕಾದೀತು. ಮತ್ತೆ, ಒಂದು ಜಾಗಕ್ಕೆ ಒಂದೇ ಬಣ್ಣ ಅಂತ ದಯವಿಟ್ಟು ಕಟ್ಟುಪಾಡು ಇಡಬೇಡಿ. ತಲಪಾಡಿಗೆ ಅಮ್ಮನದೇ ಎರಡಿವೆ.

— ನಿಮ್ಮ ಓದುಗ, ಕುಂಬಳೆ