ಸಿಮೆಂಟ್ ಬಳಿದರೆ ಓಲೆಗರಿ ಉಳಿಯದು

ಮಾನ್ಯರೆ,

ಓಲೆಗರಿ ಹಸ್ತಪ್ರತಿಗಳನ್ನು ಕಾಪಿಡುವ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದರೆ ಎಲ್ಲರಿಗೂ ಥಟ್ಟನೆ ನೆನಪಾಗುವುದು ಕೌಟಿಲ್ಯನ ‘ಅರ್ಥಶಾಸ್ತ್ರ’. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ, ಗ್ರಂಥ ಲಿಪಿಯ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ) ಆ ಓಲೆಕಟ್ಟನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿನ ಆರ್. ಶಾಮಶಾಸ್ತ್ರಿಗಳು. ಓಲೆಕಟ್ಟಿಗೆ ಸಿಕ್ಕ ಗೌರವ ಕಟ್ಟಡಕ್ಕೆ ಸಿಕ್ಕಿಲ್ಲ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ ನೆನಪಿಗೆ ಎದ್ದ ಜ್ಯೂಬಿಲಿ ಕಟ್ಟಡವದು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಹೆಸರಲ್ಲಿ ಈ ಸಂಸ್ಥೆ ಶುರುವಾಯಿತು. ಈಗಿನ ಹೆಸರು ಬಂದದ್ದು 1943ರಲ್ಲಿ.

ಆ ಕಾಲದ ಕಟ್ಟಡಗಳ ದಪ್ಪ ಗೋಡೆ ಸುಣ್ಣದ ಗಾರೆಯದು. ಮಳೆಗಾಲದಲ್ಲಿ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ದುರಸ್ತಿಯೆಂದು ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಬಿದ್ದು ಮೇಲೇರುತ್ತದೆ. ಸೊಂಟದ ಮಟ್ಟದಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡು, ಬಣ್ಣ ಹೊಪ್ಪಳೆ ಎದ್ದು ಉದುರುತ್ತದೆ. ಆ ಗೋಡೆಗೆ ಒರಗಿಸಿದ, ಓಲೆಕಟ್ಟುಗಳಿರುವ ಬೀರುವಿನ ಬೆನ್ನಿಗೇ ಮೊದಲು ಬೂಷ್ಟು. ಇಂಥ ಕಡೆ ಸಿಮೆಂಟ್ ಕೆತ್ತಿ ಸುಣ್ಣದ ಗಾರೆಯನ್ನೇ ಮತ್ತೆ ಮೆತ್ತಬೇಕು. ಮುಂಗಾರಿಗೆ ಮುನ್ನ ಮಾಳಿಗೆಯ ನೀರಿಳಿಯುವ ಕೊಳವೆಗಳಲ್ಲಿ ಕಸ ತೆಗೆಸಬೇಕು. ಬೀರುಗಳು ಗೋಡೆಯಿಂದ ಗೇಣುದ್ದ ದೂರವಿರಲಿ.

ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರುವುದು ಬಹಳ ಜನಕ್ಕೆ ಗೊತ್ತು. ಯಾವುದಕ್ಕೆ ಸವರಬಾರದು ಎಂಬುದು ಮರೆತುಹೋಗುತ್ತದೆ. ಕಂಟದಲ್ಲಿ (ಕಬ್ಬಿಣದ ಮೊನೆಯ ಲೇಖನಿ) ಕೊರೆದು ಕಾಡಿಗೆ ತುಂಬಿದ ಗರಿಗೆ ಅದು ಸರಿ: ಮೆತ್ತನೆಯ ಕುಂಚದಿಂದ ದೂಳು ತೆಗೆದು, ಹತ್ತಿಗೆ ಒಂದೆರಡು ಹನಿ ಹಾಕಿ ತೆಳುವಾಗಿ ಒರೆಸಬೇಕು. ಹೆಚ್ಚಾದರೆ ಗರಿಗೆ ಗರಿ ಅಂಟಿ, ದೂಳು ಹಿಡಿದು ಕಪ್ಪಾಗುತ್ತದೆ. ಮಸಿಯಲ್ಲಿ ಬರೆದ ಗರಿಗೂ ಕಾಗದಕ್ಕೂ ಎಣ್ಣೆ ಸೋಕಿಸಲೇಬಾರದು, ಅಕ್ಷರ ಕದಡುತ್ತದೆ. ಗರಿಗಳನ್ನು ಪೋಣಿಸಿದ ದಾರವನ್ನು ಬಿಗಿದು ಎಳೆದರೆ ತೂತು ಸೀಳಿ, ಅದರ ಪಕ್ಕದ ಅಕ್ಷರಗಳೇ ಮೊದಲು ಹೋಗುತ್ತವೆ.

ಇನ್ನು ಎ.ಸಿ. ಸಂಜೆ ಬೀಗ ಹಾಕುವಾಗ ಆರಿಸುವುದಾದರೆ ಅದನ್ನು ಹಾಕದಿರುವುದೇ ಮೇಲು. ಗರಿ ಹಗಲು ಒಣಗಿ, ರಾತ್ರಿ ಶೀತ ಹೀರಿ, ದಿನವೂ ಕುಗ್ಗಿ ಹಿಗ್ಗಿ ಬಿರುಕು ಬಿಡುತ್ತದೆ. ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ, ಕೋಣೆಗೊಂದು ತೇವಾಂಶ ಮಾಪಕ ಸಾಕು. ಮುಳ್ಳು ಶೇ 65 ದಾಟಿದ ದಿನ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಬೀರುಗಳ ಬಾಗಿಲು ತೆರೆದಿಡಿ.

– ಹಸ್ತಪ್ರತಿ ಆಸಕ್ತರು, ಮೈಸೂರು