ಬಾಣಂತಿಗೆ ಊರು ಹೊಸದಾದಾಗ

ಮಾನ್ಯ ಸಂಪಾದಕರೇ,

1965ರ ವಲಸೆ ಕಾನೂನಿನ ನಂತರ ಅಮೆರಿಕದಲ್ಲಿ ನೆಲೆಸಿದ ಕೊರಿಯಾದ ತಾಯಂದಿರಲ್ಲಿ ಅನೇಕರು, ಹೆರಿಗೆಯಾದ ಮೇಲೆ ಕಡಲಪಾಚಿಯ ಬಿಸಿ ಸಾರು ಕುಡಿದು, ಮೈ ಬೆಚ್ಚಗಿಟ್ಟುಕೊಂಡು ಬಾಣಂತನ ಮಾಡಿಸಿಕೊಳ್ಳುವ ತವರಿನ ಪದ್ಧತಿಯನ್ನು ಅಲ್ಲಿಯೂ ಬಿಟ್ಟಿಲ್ಲ. ಬಾಣಂತಿಗೆ ಐಸ್ ಹಾಕಿದ ನೀರು ಕೊಡುವ ಆಸ್ಪತ್ರೆ ಅವರಿಗೆ ವಿಚಿತ್ರವೆನಿಸಿದರೆ, ಕಾಳುಮೆಣಸಿನ ಕಷಾಯದಲ್ಲೇ ಬಾಣಂತನ ಮುಗಿಸಿದ ನಮ್ಮ ಕರಾವಳಿಯ ಹೆಂಗಸರಿಗಂತೂ ಅದು ಅರ್ಥವಾದೀತು.

ಕಾರವಾರಕ್ಕೆ ಕಟ್ಟಡ ಕೆಲಸಕ್ಕೆಂದು ಹೊರರಾಜ್ಯಗಳಿಂದ ಬಂದಿರುವ ಕೂಲಿ ಕುಟುಂಬಗಳ ತಾಯಂದಿರಿಗೆ ತವರಿನ ಆಸರೆಯೂ ಇಲ್ಲ, ಕನ್ನಡವೂ ಬಾರದು. ತಾಯಿ ಕಾರ್ಡಿನಲ್ಲಿ ಬರೆದ ದಿನಾಂಕವನ್ನು ಓದಿ ಹೇಳುವವರಿಲ್ಲದಿದ್ದರೆ, ಮಗುವಿಗೆ 9 ತಿಂಗಳು ತುಂಬಿದಾಗ ಹಾಕಿಸಬೇಕಾದ ದಡಾರ ಲಸಿಕೆ ತಪ್ಪಿಹೋಗಬಹುದು. ಆದ್ದರಿಂದ ಲಸಿಕೆ ಹಾಗೂ ಪೂರಕ ಆಹಾರದ ಮಾಹಿತಿಯನ್ನು ಹಿಂದಿಯಲ್ಲಿಯೂ ಅಚ್ಚು ಹಾಕಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಈ ಕುಟುಂಬಗಳ ಶೆಡ್ಡುಗಳಿಗೇ ತಲುಪಿಸಬೇಕೆಂದು ಆರೋಗ್ಯ ಇಲಾಖೆಯನ್ನು ವಿನಂತಿಸುತ್ತೇನೆ.

– ಓರ್ವ ಓದುಗಿ, ಕಾರವಾರ