ದನಿ ಕಳೆದುಹೋಯಿತು ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಮನೆಯ ಸಮಾಚಾರ ನಿನ್ನಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ, ಅದನ್ನು ಬಿಡುತ್ತೇನೆ. ಪತ್ರದ ಕೊನೆಯಲ್ಲಿ ಸುಮ್ನೆ ಎಂಬಂತೆ ಒಂದು ಮಾತು ಬರೆದಿದ್ದೀಯಲ್ಲ, ಟಿವಿಗೆ ಬೇರೆಯವರ ಪಾತ್ರಗಳ ಮಾತು ಬರೆದೂ ಬರೆದೂ ನನ್ನ ದನಿ ಯಾವುದು ಅಂತಲೇ ಮರೆತುಹೋಗಿದೆ, ಮಕ್ಕಳ ಪುಸ್ತಕ ಇನ್ನು ನನ್ನಿಂದ ಆಗಲ್ಲ ಅಂತ. ಅದು ನನ್ನ ನಿದ್ದೆ ಕೆಡಿಸಿತು.

ಹಾಗೇನಿಲ್ಲ ಬಿಡೇ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಆ ಭಯದ ಜೊತೆ ನಾನೂ ಬಹಳ ಕಾಲ ಬಾಳಿದವಳು. ಕಾರ್ಯಕ್ರಮಕ್ಕೊಂದು ‘ಬೈಬಲ್’ ಇರುತ್ತದೆ, ನಿನಗೆ ಗೊತ್ತಿರುವುದೇ. ಯಾವ ಪಾತ್ರಕ್ಕೆ ಯಾವುದರ ಭಯ, ಯಾರು ಯಾರನ್ನು ಹೇಗೆ ಕರೆಯಬೇಕು, ಯಾವ ಮಾತು ಯಾರ ಬಾಯಲ್ಲಿ ಬರಲೇಬಾರದು, ಎಲ್ಲ ಅದರಲ್ಲೇ. ಹನ್ನೊಂದು ನಿಮಿಷದ ಕಂತು. ನೀನು ಬರೆದದ್ದನ್ನು ಮುಖ್ಯ ಬರಹಗಾರರು ತಿದ್ದುತ್ತಾರೆ, ಆಮೇಲೆ ನಿರ್ದೇಶಕರು, ಕೊನೆಗೆ ದನಿ ಕೊಡುವವರು ನಾಲಿಗೆ ತಿರುಗಲಿಲ್ಲ ಅಂತ ಅರ್ಧ ಸಾಲು ನುಂಗುತ್ತಾರೆ. ಪ್ರಸಾರವಾದಾಗ ಇದರಲ್ಲಿ ನನ್ನದೇನಿದೆ ಅಂತ ಹುಡುಕುವ ಹಾಗಾಗುತ್ತದೆ. ಹೌದು, ಆ ಹೊಟ್ಟೆಯುರಿ ನನಗೆ ಗೊತ್ತು.

ಬೊಂಬೆ ಕಾರ್ಯಕ್ರಮಕ್ಕೆ ಬರೆಯುತ್ತಿದ್ದಾಗ ನಾನೊಂದು ಕುಂಟು ಕಾಗೆ ಹುಟ್ಟಿಸಿದ್ದೆ. ಎಲ್ಲರ ಗುಟ್ಟೂ ಬಲ್ಲ, ಒಂದನ್ನೂ ಸರಿಯಾಗಿ ಹೇಳಲು ಬಾರದ ಕಾಗೆ. ಎರಡು ಮಾತಿಗೆಂದು ಬಂದದ್ದು ಮಕ್ಕಳಿಗೆ ಹಿಡಿಸಿ ಉಳಿದುಕೊಂಡಿತು. ಕಾರ್ಯಕ್ರಮ ನಿಂತ ಮೇಲೆ ಅದರ ಕಥೆಯನ್ನು ಪುಸ್ತಕ ಮಾಡೋಣ ಅಂತ ಕೇಳಿದರೆ, ಒಪ್ಪಂದದ ಪ್ರಕಾರ ಕಾಗೆ ನಿರ್ಮಾಪಕರದ್ದು ಅಂದರು. ಬಾಡಿಗೆಗೆ ಬರೆದವಳಿಗೆ ಹಕ್ಕಿಲ್ಲ. ಅವರೂ ಅದನ್ನು ಬಳಸಲಿಲ್ಲ, ನನಗೂ ಕೊಡಲಿಲ್ಲ. ಈಗಲೂ ಎಲ್ಲಾದರೂ ಕಾಗೆ ಕಂಡರೆ ಅದಕ್ಕೊಂದು ಮಾತು ಹೊಳೆಯುತ್ತದೆ, ಹಾಳಾದ್ದು.

ಆದರೆ ನೋಡು, ಮಾತು ಹೊಳೆಯುತ್ತದೆ ತಾನೇ? ನಾನು ಹೇಳಲು ಹೊರಟಿದ್ದು ಅದನ್ನೇ. ಆ ಕಾಗೆ ಯಾವ ಬೈಬಲ್‌ನಲ್ಲೂ ಇರಲಿಲ್ಲ. ಬೇರೆಯವರ ಮನೆಯಲ್ಲಿ ಕೂತು ಬರೆದರೂ ಅದು ನನ್ನಂತೆಯೇ ಮಾತಾಡಿತು. ನಿನ್ನ ಕಂತುಗಳಲ್ಲೂ ಅಂಥದ್ದು ಇದೆ. ಮಳೆ ನಿಂತ ಮೇಲೂ ಕೊಡೆ ಮಡಚದ ಆ ಆಮೆಯನ್ನು ಬೈಬಲ್ ನೋಡಿ ಬರೆದೆಯಾ?

ನನ್ನ ಮೊದಲ ಚಿತ್ರಪುಸ್ತಕದ ಕರಡು ಹೇಗಿತ್ತು ಗೊತ್ತಾ? ಮೊದಲ ಸಾಲೇ ಟಿವಿ ಸ್ಕ್ರಿಪ್ಟಿನ ದೃಶ್ಯದ ತಲೆಬರಹದ ಹಾಗೆ ‘ಹೊರಗೆ, ಹಗಲು’. ಆಮೇಲೆ ಬರೀ ಸಂಭಾಷಣೆ. ನಿರೂಪಣೆಯ ಒಂದು ವಾಕ್ಯ ನನಗೆ ಬರುತ್ತಿರಲಿಲ್ಲ. ಕಥೆ ಹೇಳುವುದೇ ಮರೆತೆ ಅಂತ ಕೂತು ಅತ್ತೆ. ಹಸ್ತಪ್ರತಿ ನೋಡಿದ ಸಂಪಾದಕಿಗೆ ಅದೇ ಇಷ್ಟವಾಯಿತು. ಟಿವಿಯಲ್ಲಿ ‘ಆನೆಮರಿಗೆ ಭಯವಾಯಿತು’ ಅಂತ ಬರೆದರೆ ನಡೆಯುವುದಿಲ್ಲ. ಆನೆಮರಿ ಕಿವಿಯನ್ನು ಕಣ್ಣ ಮೇಲೆ ಎಳೆದುಕೊಂಡಿತು ಅಂತ ಬರೆಯಬೇಕು. ಚಿತ್ರಪುಸ್ತಕಕ್ಕೂ ಬೇಕಾದ್ದು ಅದೇ. ಸಾಮಾನ್ಯವಾಗಿ 32 ಪುಟ, ಅದರಲ್ಲಿ ಕಥೆಗೆ ಸಿಗುವುದು ಹದಿನಾಲ್ಕೋ ಹದಿನೈದೋ ಜೋಡಿಪುಟ. ಚಿತ್ರ ಹೇಳುವುದನ್ನು ಮಾತು ಮತ್ತೆ ಹೇಳಬಾರದು. ಪುಟ ತಿರುಗಿಸುವ ಜಾಗದಲ್ಲೇ ಮಗುವಿಗೆ ‘ಮುಂದೇನು’ ಅನ್ನಿಸಬೇಕು. ಜಾಹೀರಾತು ಬರುವ ಮುಂಚೆ ನೀನು ದಿನಾ ಮಾಡುವ ಕೆಲಸವೇ ಅಲ್ವಾ?

ಇದು ನನ್ನೊಬ್ಬಳ ಸಮಾಧಾನವಲ್ಲ. ಸುಝಾನ್ ಕಾಲಿನ್ಸ್ 1991ರಿಂದ ಅಮೆರಿಕದಲ್ಲಿ ಮಕ್ಕಳ ಟಿವಿಗೆ ಬರೆಯುತ್ತಿದ್ದವರು. ಪುಟಾಣಿಗಳ ಕಾರ್ಟೂನ್‌ಗಳಿಗೂ ಬರೆದಿದ್ದಾರೆ. ಅವರ ಮೊದಲ ಕಾದಂಬರಿ ಬಂದದ್ದು 2003ರಲ್ಲಿ, ‘ದಿ ಹಂಗರ್ ಗೇಮ್ಸ್’ 2008ರಲ್ಲಿ. ಆ ಪುಸ್ತಕವನ್ನೊಮ್ಮೆ ಬಿಚ್ಚಿ ನೋಡು. ಮೂರು ಭಾಗ, ಭಾಗಕ್ಕೆ ಒಂಬತ್ತೇ ಅಧ್ಯಾಯ, ಅಧ್ಯಾಯದ ಕೊನೆಗೆ ಬಂದವರು ಪುಸ್ತಕ ಮುಚ್ಚುವ ಹಾಗಿಲ್ಲ. ಅಷ್ಟು ವರ್ಷ ಬೇರೆಯವರ ಪಾತ್ರಗಳಿಗೆ ದುಡಿದ ಕೈ ಅದು. ಆರ್. ಎಲ್. ಸ್ಟೈನ್ ಕೂಡ ‘ಗೂಸ್‌ಬಂಪ್ಸ್’ ಎಂಬ ಮಕ್ಕಳ ಭಯದ ಕಥೆಗಳ ಸರಣಿ ಶುರುವಾದ 1992ಕ್ಕಿಂತ ಮುಂಚೆ ಒಂದು ಬೊಂಬೆ ಕಾರ್ಯಕ್ರಮದ ಮುಖ್ಯ ಬರಹಗಾರರಾಗಿದ್ದವರು.

ದೊಡ್ಡವರ ಹೆಸರು ಹೇಳಿದರೆ ಭಯ ಹೋಗಲ್ಲ, ಗೊತ್ತು. ಹೋಗದಿದ್ದರೂ ಪರವಾಗಿಲ್ಲ. ನನ್ನದು ಪೂರ್ತಿ ಹೋಗಲೇ ಇಲ್ಲ. ನನ್ನ ಸಂಕಟ ಬೇರೆ, ಆ ಕಾಗೆಗೆ ಮಾತು ಬರೆಯುತ್ತಿದ್ದ ವಯಸ್ಸಿನಲ್ಲೇ ಇನ್ನೂ ನಾಲ್ಕು ಪುಸ್ತಕ ಬಂದಿರಬಹುದಿತ್ತು. ಮನೆ ನಡೆಯಬೇಕಿತ್ತು, ಕಂತು ಪ್ರತಿ ವಾರ ಬೇಕಿತ್ತು. ಆ ವರ್ಷಗಳು ಹಾಗೇ ಹೋದವು.

ಕೇಳದೆಯೇ ಬುದ್ಧಿ ಹೇಳುತ್ತಿದ್ದೇನೆ, ಬೈಕೋಬೇಡ. ನಿನ್ನ ಸ್ವಂತ ಪಾತ್ರಗಳನ್ನು ಆಫೀಸಿನ ಮೀಟಿಂಗಿನಲ್ಲಿ ಬಾಯಿಬಿಡಬೇಡ. ಮೊದಲು ಬರೆದು, ತಾರೀಖು ಹಾಕಿ ಬೇರೆ ಇಡು. ಮುಂದಿನ ಸಲ ಸಹಿ ಹಾಕುವಾಗ, ಕೆಲಸದ ಅವಧಿಯಲ್ಲಿ ನೀನು ಬರೆದದ್ದೆಲ್ಲ ಕಂಪನಿಯದ್ದು ಅಂತ ಇದೆಯಾ ನೋಡು. ಇದ್ದರೆ ಪುಸ್ತಕಗಳನ್ನು ಅದರಿಂದ ಹೊರಗಿಡಿ ಅಂತ ಕೇಳು. ಒಪ್ತಾರೋ ಇಲ್ವೋ, ಕೇಳುವುದಕ್ಕೇನು. ಪುಸ್ತಕದ ಒಪ್ಪಂದದಲ್ಲಿ ಹಕ್ಕು ಸಾಮಾನ್ಯವಾಗಿ ಲೇಖಕರದ್ದೇ, ಪ್ರಕಾಶಕರಿಗೆ ಕೊಡುವುದು ಪ್ರಕಟಿಸುವ ಅನುಮತಿ ಅಷ್ಟೇ. ಆದರೂ ಟಿವಿ, ಸಿನಿಮಾ ಹಕ್ಕಿನ ಸಾಲನ್ನು ಎರಡೆರಡು ಸಲ ಓದು. ಕೆಲಸ ಬಿಟ್ಟುಬಿಡು ಅಂತ ಮಾತ್ರ ನಾನು ಹೇಳಲ್ಲ. ಪುಸ್ತಕದ ರಾಯಲ್ಟಿ ನಂಬಿ ಮನೆ ನಡೆಸುವುದು ಬಹಳ ಕಡಿಮೆ ಜನಕ್ಕೆ ಸಾಧ್ಯ.

ಇನ್ನೊಂದು. ಬರೆದದ್ದನ್ನು ಗಟ್ಟಿಯಾಗಿ ಓದು, ಯಾವ ಪಾತ್ರದ ದನಿಯನ್ನೂ ಅನುಕರಿಸದೆ. ಎಲ್ಲಿ ನಾಲಿಗೆ ತಡೆಯದೆ ಹರಿಯುತ್ತದೋ ಅಲ್ಲಿ ಗೆರೆ ಎಳೆ. ಉಪಯೋಗ ಆಗುತ್ತೋ ಇಲ್ವೋ, ನನಗಂತೂ ಆಗಿತ್ತು.

ನಾಲ್ಕು ಪುಟ ಬರೆದು ಹರಿದುಹಾಕಿದೆ ಅಂದೆ. ಮುಂದಿನ ಸಲ ಹರಿಯುವ ಮುಂಚೆ ಫೋಟೋ ತೆಗೆದು ನನಗೆ ಕಳಿಸು. ನಿನ್ನ ಒಪ್ಪಂದದ ಪ್ರತಿಯನ್ನೂ ಕಳಿಸು, ಕನ್ನಡಕ ಬದಲಾಯಿಸಿದ್ದೇನೆ, ಸಣ್ಣ ಅಕ್ಷರ ಈಗ ಕಾಣುತ್ತದೆ.

ಇಂತಿ,
ನಿನ್ನ ಅತ್ತೆ